ದೇವರಿಗೆ ಅರ್ಜಿ ಸಾಕು

ನನ್ನ ಮನೆಗೆ ಒಬ್ಬ ಮಹನೀಯರು ಬರುವುದುಂಟು. ಮಗನಿಗೆ ಶಿಫಾರಸು ಬೇಕಾದಾಗ ಬರುತ್ತಾರೆ. ಕೈಸಾಲ ಬೇಕಾದಾಗ ಬರುತ್ತಾರೆ. ಬಂದವರು ನನ್ನನ್ನು ನಾಲ್ಕು ಮಾತು ಹೊಗಳಿ, ಬೇಕಾದದ್ದನ್ನು ಹೇಳಿ, ಕಾಫಿ ಆರುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ನನಗೂ ಒಂದು ಮಾತು ಇದ್ದೀತೆಂದು ಅವರಿಗೆ ಈವರೆಗೆ ತೋಚಿದಂತಿಲ್ಲ. ಅವರನ್ನು ನಾನು ಸ್ನೇಹಿತರೆಂದು ಕರೆಯಲಾರೆ. ಆದರೆ ಒಂದು ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿದ್ದಾಗ ಹೊಳೆಯಿತು: ದೇವರ ಮನೆಗೆ ನಾನು ಹೋಗಿ ಬರುತ್ತಿದ್ದುದೂ ಹೀಗೆಯೇ!

ನಮ್ಮ ಕ್ರೈಸ್ತರ ಪ್ರಾರ್ಥನೆ ಬಹುಮಟ್ಟಿಗೆ ಕಚೇರಿಗೆ ಹಾಕುವ ಅರ್ಜಿಯಾಗಿಬಿಟ್ಟಿದೆ ಎಂಬುದು ನನ್ನ ಆಕ್ಷೇಪ. ಮೊದಲು ಬಿರುದಾವಳಿ, ನಡುವೆ ಬೇಡಿಕೆಗಳ ಪಟ್ಟಿ, ಕೊನೆಗೆ ಮೊಹರು ಒತ್ತಿದಂತೆ ಒಂದು 'ಆಮೆನ್'. ಮಕ್ಕಳಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುತ್ತೇವೆ. ದೇವರ ಮುಂದೆ ಸುಮ್ಮನೆ ಕೂರುವುದನ್ನು ಕಲಿಸುವುದಿಲ್ಲ. ವಿಚಿತ್ರವೆಂದರೆ, ಕನ್ನಡದಲ್ಲಿ ನಾವು ಅನೇಕರು ದೇವರನ್ನು 'ತಾವು' ಎನ್ನುವುದಿಲ್ಲ; 'ನೀನು' ಎನ್ನುತ್ತೇವೆ. ತಾಯಿಗೆ, ಗೆಳೆಯನಿಗೆ ಸಲ್ಲುವ ಏಕವಚನ ಅದು. ಬಾಯಲ್ಲಿ ಗೆಳೆಯನ ಏಕವಚನ, ಮನಸ್ಸಿನಲ್ಲಿ ತಹಸೀಲ್ದಾರರ ಮುಂದೆ ಕೈಕಟ್ಟಿ ನಿಂತ ಭಯ!

'ದೇವರೊಡನೆ ಸಲುಗೆಯೆ? ಅದು ಉದ್ಧಟತನ' ಎನ್ನುವ ಹಿರಿಯರಿದ್ದಾರೆ. ಅವರು ತಮ್ಮ ಬೈಬಲ್ಲನ್ನೇ ತೆರೆದು ನೋಡಲಿ. ಸೊದೋಮ್ ಪಟ್ಟಣವನ್ನು ಉಳಿಸಲೆಂದು ಅಬ್ರಹಾಮ ಐವತ್ತು ಮಂದಿ ನೀತಿವಂತರಿಂದ ಹತ್ತು ಮಂದಿಗೆ ಇಳಿಯುವವರೆಗೆ ದೇವರೊಡನೆ ಚೌಕಾಶಿ ಮಾಡಿದ. ಶಾಸ್ತ್ರವು ದೇವರ ಸ್ನೇಹಿತನೆಂದು ಕರೆದದ್ದು ಅವನನ್ನೇ. ಯೋಬನಂತೂ ಜಗಳಕ್ಕೇ ನಿಂತ. ಅವನ ಮೂವರು ಮಿತ್ರರು ದೇವರ ಪರವಾಗಿ ಸೊಗಸಾದ ಉಪದೇಶ ಮಾಡಿದರು. ದೇವರು ಯೋಬನನ್ನು ಗದರಿಸಿದ್ದು ನಿಜ. ಆದರೆ ಕೊನೆಗೆ ಸಿಟ್ಟಾದದ್ದು ಆ ಉಪದೇಶಕರ ಮೇಲೆ.

ಇನ್ನು ಕೆಲವರು ಇದರ ವಿರುದ್ಧದ ತುದಿಗೆ ಹೋಗುತ್ತಾರೆ. ಸ್ನೇಹವೆಂದ ಮೇಲೆ ಮನಸ್ಸು ಬಂದಾಗ ಮಾತನಾಡಿದರಾಯಿತು ಎನ್ನುತ್ತಾರೆ. ಇದೂ ತಪ್ಪು. ಸ್ಪೇನ್ ದೇಶದ ಆವಿಲಾದ ಸಂತ ತೆರೇಸಮ್ಮನವರು (1515-1582) ಪ್ರಾರ್ಥನೆಯನ್ನು ಗೆಳೆತನದ ಸಂಭಾಷಣೆಯೆಂದೇ ತಿಳಿದವರು. 1535ರಲ್ಲಿ ಕಾರ್ಮೆಲ್ ಮಠ ಸೇರಿದ ಅವರಿಗೂ ಪ್ರಾರ್ಥನೆ ವರ್ಷಗಟ್ಟಲೆ ಹೊರೆಯಾಗಿತ್ತು; ಗಂಟೆ ಯಾವಾಗ ಬಡಿದೀತೆಂದು ಕಾಯುತ್ತಿದ್ದುದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಡುವೆ ಒಮ್ಮೆ ಬಿಟ್ಟೂ ಬಿಟ್ಟರು. ಮತ್ತೆ ಬಂದು ಕುಳಿತರು. ಪ್ಯಾರಿಸಿನ ಮಠದಲ್ಲಿದ್ದು 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಅವರಿಗೆ ಅಡುಗೆಮನೆಯ ಕೆಲಸವೆಂದರೆ ಆಗುತ್ತಿರಲಿಲ್ಲ. ಆ ಕೆಲಸದ ನಡುವೆಯೇ ಅವರು ದೇವರೊಡನೆ ಮಾತನಾಡಲು ಕಲಿತರು. ಗೆಳೆತನ ಬೆಳೆಯುವುದು ಹೀಗೆ, ಬೇಸರದ ಹೊತ್ತಿನಲ್ಲೂ ಎದ್ದುಹೋಗದೆ ಇರುವುದರಿಂದ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತಾಯಿ ಹಾಸಿಗೆ ಹಿಡಿದಾಗ ದಿನಕ್ಕೆರಡು ಬಾರಿ ಅರ್ಜಿ ಹಾಕಿದೆ. ತಾಯಿ ಉಳಿಯಲಿಲ್ಲ. ಅರ್ಜಿ ವಜಾ ಆದ ಮೇಲೆ ಕಚೇರಿಯ ಕಡೆ ಯಾರು ಹೋಗುತ್ತಾರೆ? ನಾನೂ ಹೋಗಲಿಲ್ಲ. ಎಂಟು ತಿಂಗಳ ಮೇಲೆ ಒಂದು ರಾತ್ರಿ ಆಕೆಯ ಬರಿಯ ಮಂಚದ ಬಳಿ ಕುಳಿತು, 'ನೀನು ಮಾಡಿದ್ದು ಸರಿಯೆ?' ಎಂದು ಕೇಳಿಯೇಬಿಟ್ಟೆ. ಉತ್ತರವೇನೂ ಬರಲಿಲ್ಲ. ಆದರೆ ನನ್ನ ಮಾತನ್ನು ಯಾರೋ ಕೂತು ಕೇಳಿಸಿಕೊಂಡರೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ನನ್ನ ಜೀವಮಾನದ ಮೊದಲನೆಯ ಪ್ರಾಮಾಣಿಕ ಪ್ರಾರ್ಥನೆ ಅದು.

ಹಾಗಾದರೆ ಬೇಡಲೇಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ಸ್ನೇಹಿತನನ್ನಲ್ಲದೆ ಇನ್ನಾರನ್ನು ಬೇಡುವುದು? ಯೇಸುಸ್ವಾಮಿಯೂ ಗೆತ್ಸೆಮನೆ ತೋಟದಲ್ಲಿ, ಕಷ್ಟದ ಪಾತ್ರೆ ತಮ್ಮಿಂದ ದೂರವಾಗಲೆಂದು ಬೇಡಿಕೊಂಡರು. ಅದು ದೂರವಾಗಲಿಲ್ಲ. ಅದೇ ರಾತ್ರಿ ಅವರು ಮೂವರು ಶಿಷ್ಯರನ್ನೂ ಒಂದು ಮಾತು ಕೇಳಿಕೊಂಡಿದ್ದರು. ಕಾಣಿಕೆ ಕೇಳಲಿಲ್ಲ, ಸ್ತೋತ್ರ ಕೇಳಲಿಲ್ಲ. ತಮ್ಮೊಡನೆ ಎಚ್ಚರವಾಗಿರಿ ಎಂದಷ್ಟೇ ಕೇಳಿದರು. ಶಿಷ್ಯರು ನಿದ್ದೆ ಹೋದರು.

ನಮ್ಮ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ, ಚಪ್ಪಲಿ ಮೆಟ್ಟುವ ಮುಂಚೆ, ಸ್ವಲ್ಪ ಹೊತ್ತು ಕೂತಿರೋಣ. ದೇವರಿಗೂ ಒಂದು ಮಾತು ಇದ್ದೀತು.