ತಂಡದ ಅಲಿಖಿತ ಕಾನೂನು

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಸಂಶಿ ಸುತ್ತಲಿನ ಎರೆಹೊಲಗಳಲ್ಲಿ ಕಸ ತೆಗೆಯುವುದು, ಹತ್ತಿ, ಮೆಣಸಿನಕಾಯಿ ಬಿಡಿಸುವುದು ಬಹುತೇಕ ಹೆಣ್ಣಾಳುಗಳ ದುಡಿಮೆ. ಅವರು ಒಬ್ಬೊಬ್ಬರಾಗಿ ಬರುವುದು ಅಪರೂಪ. ಓಣಿಯವರು, ಬೀಗರು, ಗೆಳತಿಯರು ತಂಡ ಕೂಡಿ ಬರುತ್ತಾರೆ. ಆ ತಂಡಕ್ಕೆ ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಆದರೂ ಎಷ್ಟು ಹೊತ್ತಿಗೆ ಹೊಲಕ್ಕಿಳಿಯಬೇಕು, ಸಾಲಿನಲ್ಲಿ ಹಿಂದುಳಿದವಳಿಗೆ ಯಾರು ಕೈಜೋಡಿಸಬೇಕು, ಎಷ್ಟು ಕೂಲಿಗೆ ಒಪ್ಪಬೇಕು ಎಂಬುದು ಅದರೊಳಗೇ ತೀರ್ಮಾನವಾಗುತ್ತದೆ.

ಆಡಳಿತಶಾಸ್ತ್ರ ಇದನ್ನು ಅನೌಪಚಾರಿಕ ಗುಂಪು ಎನ್ನುತ್ತದೆ. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ 14 ಕಾರ್ಮಿಕರನ್ನು ಗಮನಿಸಿದ ಸಂಶೋಧಕರಿಗೆ ಅದರ ಬಲ ಅರಿವಾಯಿತು. ಉತ್ಪಾದನೆ ಹೆಚ್ಚಿದಂತೆ ಎಲ್ಲರ ಗಳಿಕೆಯೂ ಹೆಚ್ಚುವಂತಿದ್ದರೂ ಕಾರ್ಮಿಕರು ತಾವೇ ಒಂದು ಮಿತಿ ಹಾಕಿಕೊಂಡಿದ್ದರು. ಅದನ್ನು ಮೀರಿದವನಿಗೂ ಮೂದಲಿಕೆ, ತೀರಾ ಕಡಿಮೆ ಮಾಡಿದವನಿಗೂ ಮೂದಲಿಕೆ. ದರ ಇಳಿದೀತು, ಯಾರದಾದರೂ ಕೆಲಸ ಹೋದೀತು ಎಂಬುದು ಅವರ ಅಳುಕು. ಹೊರಗಿನವರಿಗೆ ಸೋಮಾರಿತನವೆಂದು ಕಂಡದ್ದು ಅವರ ಪಾಲಿಗೆ ಆತ್ಮರಕ್ಷಣೆಯಾಗಿತ್ತು.

2005ರ ಉದ್ಯೋಗ ಖಾತರಿ ಕಾಯ್ದೆ ನಮ್ಮ ಹಳ್ಳಿಗಳಿಗೆ ಔಪಚಾರಿಕ ತಂಡವನ್ನು ತಂದಿತು: ಹಾಜರಿ ಪಟ್ಟಿ, ಅಳತೆ ಪುಸ್ತಕ, ರಾಜ್ಯದಲ್ಲಿ 'ಕಾಯಕ ಬಂಧು' ಎಂಬ ಮೇಲ್ವಿಚಾರಕರು. ಆದರೆ ತೋಡಿದ ಮಣ್ಣನ್ನು ಗುಂಪಿನ ಲೆಕ್ಕದಲ್ಲಿ ಅಳೆದು ಕೂಲಿ ಹಂಚುವಾಗ ಕಾಗದದ ತಂಡವೂ ಒಳಗಿನ ಸಂಬಂಧಗಳನ್ನೇ ಅವಲಂಬಿಸಬೇಕಾಗುತ್ತದೆ. ಪರಸ್ಪರ ವಿಶ್ವಾಸವಿದ್ದಲ್ಲಿ ವಯಸ್ಸಾದವರ ಪಾಲಿನ ಕೆಲಸಕ್ಕೆ ಉಳಿದವರು ಹೆಗಲು ಕೊಡುತ್ತಾರೆ; ಇಲ್ಲದಿದ್ದಲ್ಲಿ ಅಂಥವರು ಹೊರೆಯೆನಿಸುತ್ತಾರೆ.

ಹಾಗೆಂದು ಅನೌಪಚಾರಿಕ ಗುಂಪನ್ನು ಆದರ್ಶವೆಂದು ಎತ್ತಿ ಹಿಡಿಯಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಓಣಿಯ ಗುಂಪೆಂದರೆ ಬಹುಮಟ್ಟಿಗೆ ಜಾತಿಯ ಗುಂಪೇ. ಅದು ತನ್ನವರನ್ನು ಕಾಯುತ್ತದೆ, ಉಳಿದವರನ್ನು ಹೊರಗೆ ನಿಲ್ಲಿಸುತ್ತದೆ. ಯಾರ ಆಸರೆಯೂ ಇಲ್ಲದ ವಿಧವೆ, ಅಂಗವಿಕಲರು, ಊರಿಗೆ ಹೊಸದಾಗಿ ಬಂದವರು ಯಾವ ತಂಡಕ್ಕೂ ಬೇಡವಾಗಬಹುದು. ಅವರಿಗೆ ಕಾನೂನೇ ಗತಿ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ಖಾತರಿಯ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ. ಆ ದಿನಗಳಲ್ಲಿ ಯಾರು ಯಾರೊಡನೆ ದುಡಿಯುತ್ತಾರೆ ಎಂಬುದೂ ದಿನಗಳ ಎಣಿಕೆಯಷ್ಟೇ ಮುಖ್ಯ. ತಂಡ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಕೂಲಿಕಾರರಿಗಿರಲಿ. ಹೊರಗುಳಿದವರಿಗೆ ಜಾಗ ಕೊಡಿಸುವ, ಅವರಿಗೆ ತಕ್ಕ ಕೆಲಸ ಒದಗಿಸುವ ಹೊಣೆ ಗ್ರಾಮ ಪಂಚಾಯಿತಿಯದಾಗಲಿ. ಬಳಗದ ಒಗ್ಗಟ್ಟು ಮತ್ತು ಕಾನೂನಿನ ನ್ಯಾಯ ಇವೆರಡರಲ್ಲಿ ಒಂದು ತಪ್ಪಿದರೂ ಪೆಟ್ಟು ಬೀಳುವುದು ದುರ್ಬಲರ ಕೂಲಿಗೇ.