ಕತ್ತರಿಯ ಉಪಕಾರ

ವಿರಾಟನ ಅರಮನೆಯಲ್ಲಿ ದ್ರೌಪದಿಯು ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ಮುಡಿ ಕಟ್ಟುತ್ತಿದ್ದಳು. ಮುಡಿಗೆ ಪರರ ಕೈಯೂ ಬೇಕು, ಬೇಕಾದಷ್ಟು ಹೊತ್ತೂ ಬೇಕು ಎಂಬುದು ಅಂದಿನಿಂದಲೂ ಸಿರಿವಂತಿಕೆಯ ಲಕ್ಷಣ.

ಇದನ್ನು ಕತ್ತರಿಸಿದವನು ಲಂಡನ್ನಿನ ವಿಡಾಲ್ ಸಸೂನ್. 1928ರಲ್ಲಿ ಬಡತನದಲ್ಲಿ ಹುಟ್ಟಿ, ಬಾಲ್ಯದ ಹಲವು ವರ್ಷಗಳನ್ನು ಅನಾಥಾಲಯದಲ್ಲಿ ಕಳೆದ ಈತ 1954ರಲ್ಲಿ ಸಿರಿವಂತರ ಬಾಂಡ್ ಸ್ಟ್ರೀಟಿನಲ್ಲಿ ಸಲೂನು ತೆರೆದನು. ಆಗ ಅಂಥ ಸಲೂನುಗಳಲ್ಲಿ ಮಹಿಳೆಯರು ವಾರವಾರವೂ ಕೂದಲಿಗೆ ಸುರುಳಿ ಸುತ್ತಿಸಿಕೊಂಡು, ಬಿಸಿಗಾಳಿಯ ಯಂತ್ರದಡಿ ಕುಳಿತು, ಕೇಶರಚನೆ ಕದಲದಂತೆ ಅಂಟು ಸಿಂಪಡಿಸಿಕೊಂಡು ಹೋಗುತ್ತಿದ್ದರು. ವಸ್ತ್ರವಿನ್ಯಾಸಕಿ ಮೇರಿ ಕ್ವಾಂಟಳ ಜೊತೆಗೂಡಿದ ಸಸೂನ್ 1963ರಲ್ಲಿ ಆಕೆಯ ರೂಪದರ್ಶಿಯರಿಗೆ ಹೊಸ ಗಿಡ್ಡಕೂದಲಿನ ಮಾದರಿಯನ್ನು ಕೊಟ್ಟನು. ತೊಳೆದು ಒಮ್ಮೆ ಕೊಡವಿದರೆ ಕೂದಲು ತಾನೇ ತನ್ನ ನೆಲೆಗೆ ಬರುತ್ತಿತ್ತು. ಗಿರಾಕಿ ವಾರವಾರವೂ ಬರಬೇಕೆಂಬುದೇ ಸಲೂನಿನ ಬಾಳು. ಸಲೂನಿನ ಒಡೆಯನೇ ಆ ಕಟ್ಟನ್ನು ಬಿಚ್ಚಿದನು. 2012ರಲ್ಲಿ ತೀರಿಕೊಂಡ ಈ ಕುಶಲಿಗ ಹೆಣ್ಣಿಗೆ ಚೆಲುವಿಗಿಂತ ಮಿಗಿಲಾದುದನ್ನು, ಅವಳ ವೇಳೆಯನ್ನು, ಹಿಂದಿರುಗಿಸಿದನೆಂದು ನನ್ನ ಭಾವನೆ.

ಇದನ್ನು ಓದಿ ಹೇಳಿದಾಗ ನನ್ನ ಮನೆಯಾಕೆ ನಕ್ಕಳು: “ನನ್ನ ಜಡೆಗೆ ಐದು ನಿಮಿಷ ಸಾಕು. ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುವವರು ನೀವಲ್ಲವೇ?”

ವಾಚಕರೇ, ನನ್ನ ತಲೆಯಲ್ಲಿ ಈಗ ಉಳಿದಿರುವ ಕೂದಲು ಬಹಳವೇನಿಲ್ಲ.