ಗಾಡಿಯ ಹಣೆಬರಹ



ನಾಣ್ಯ, ಅಂಚೆಚೀಟಿಗಳನ್ನು ಕೂಡಿಡುವವರನ್ನು ನೀವು ಬಲ್ಲಿರಿ. ಅಮೆರಿಕದಲ್ಲಿ ಕಾರುಗಳ ಸಂಖ್ಯಾಫಲಕಗಳನ್ನು ಸಂಗ್ರಹಿಸುವವರ ಸಂಘವೇ 1954ರಿಂದ ಉಂಟು. ಅಲ್ಲಿ ಒಂದೊಂದು ಸಂಸ್ಥಾನಕ್ಕೂ ಬೇರೆ ಬಣ್ಣ, ಬೇರೆ ಚಿತ್ರ. ಐಡಾಹೊ ತನ್ನ ಆಲೂಗೆಡ್ಡೆಯ ಕೀರ್ತಿಯನ್ನೇ ಫಲಕದ ಮೇಲೆ ಬರೆದುಕೊಂಡಿದೆ.

ನಮ್ಮಲ್ಲಿ ಚಿತ್ರವಿಲ್ಲ, ಆದರೆ ಅರ್ಥವುಂಟು. ಬೀರೂರಿನ ರಸ್ತೆಯ ಬದಿಯಲ್ಲಿ ಗಳಿಗೆ ಹೊತ್ತು ನಿಂತು ನೋಡಿರಿ: ‘ಕೆಎ 18’ ಚಿಕ್ಕಮಗಳೂರು, ‘14’ ಶಿವಮೊಗ್ಗ, ‘13’ ಹಾಸನ. ಬಿಳಿಯ ಫಲಕದ್ದು ಸ್ವಂತದ ಗಾಡಿ, ಹಳದಿಯದು ಬಾಡಿಗೆಯದು, ಹಸುರಿನದು ವಿದ್ಯುತ್ತಿನಿಂದ ಓಡುವುದು. ಈ ‘ಕೆಎ’ ಪದ್ಧತಿಯು 1989ರ ಕೇಂದ್ರ ನಿಯಮಗಳನ್ನನುಸರಿಸಿ ಬಂದುದು. ರಾಜ್ಯಕ್ಕೆ ಮೈಸೂರೆಂಬ ಹೆಸರಿದ್ದಾಗ ‘ಎಂವೈ’ ಮೊದಲಾದ ಅಕ್ಷರಗಳಿದ್ದುವು.

2019ರ ಏಪ್ರಿಲಿಗಿಂತ ಹಿಂದಿನ ಗಾಡಿಗಳಿಗೂ ಅತಿಸುರಕ್ಷಿತ ಫಲಕವನ್ನು ಹಾಕಿಸಬೇಕೆಂದು ಸರ್ಕಾರವು 2023ರಲ್ಲಿ ವಿಧಿಸಿತು. ಕಳವಿನ ತಡೆಗೆ ಇದು ಯುಕ್ತವೇ. ಆದರೆ ಪೇಂಟರನು ಕುಂಚದಿಂದ ಬರೆದ ದುಂಡಕ್ಷರಗಳೂ ಕನ್ನಡದ ಅಂಕೆಗಳೂ ಗುಜರಿಯನ್ನು ಸೇರುತ್ತಿವೆ.

ಆದುದರಿಂದ ಮಕ್ಕಳ ಕೈಗೆ ಒಂದು ನೋಟುಪುಸ್ತಕವನ್ನು ಕೊಡಿರಿ. ಮನೆಯ ಹಳೆಯ ಫಲಕದ ಅಳತೆ, ಬಣ್ಣ, ಅಕ್ಷರದ ರೂಪ, ವರ್ಷ, ಇವಿಷ್ಟನ್ನು ಬರೆಸಿರಿ. ಅನ್ಯರ ಗಾಡಿಯಾದರೆ ಸಂಖ್ಯೆಯನ್ನು ಬಿಟ್ಟು ರೂಪವನ್ನು ಮಾತ್ರ ಬರೆಯತಕ್ಕದ್ದು. ಸಂಖ್ಯೆ ಅವರ ಮನೆಯ ವಿಷಯ. ತಾಮ್ರಪಟವನ್ನೋದಿ ನಾವು ಅರಸರ ಕಾಲವನ್ನು ತಿಳಿದೆವು. ತಗಡಿನ ಪಟದಿಂದ ನಮ್ಮ ಕಾಲವನ್ನು ತಿಳಿಯಬಯಸುವವರಿಗೆ ಆ ಪುಸ್ತಕವೇ ಬೇಕಾದೀತು.